ಕಾಗೆ ಬರೆದ್ರಾ?

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬೈನಾಕ್ಯುಲರ್ ಈಗ ಎಲ್ಲಿದೆ? ಬೀರುವಿನ ಮೇಲಿನ ಖಾನೆಯಲ್ಲಿ, ಮದುವೆ ಆಲ್ಬಮ್ ಪಕ್ಕ, ಕಪ್ಪು ಚೀಲದೊಳಗೆ, ಕಂಪನಿಯವರು ಕೊಟ್ಟ ಒರೆಸೋ ಬಟ್ಟೆಯ ಮಡಿಕೆ ಕೂಡ ಬಿಚ್ಚದೆ ಭದ್ರವಾಗಿದೆ ತಾನೆ? ಇರ್ಲಿ ಬಿಡಿ, ನಾನು ಯಾರಿಗೂ ಹೇಳೋಕೆ ಹೋಗಲ್ಲ.

ಅದನ್ನ ಕೊಂಡ ದಿನ ನೆನಪಿದೆಯಾ? ಗೊತ್ತಿದ್ದೋರೊಬ್ಬರು 8×42 ತಗೊಳ್ಳಿ, ಸಾಕು ಅಂದಿದ್ರು. ಎಂಟು ಪಟ್ಟು ಹತ್ತಿರ ತೋರಿಸುತ್ತೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ, ಬೆಳಗಿನ ಮಬ್ಬಿನಲ್ಲೂ ಬೆಳಕು ಚೆನ್ನಾಗಿ ಬರುತ್ತೆ. ನೀವು ಬಿಟ್ಟೀರಾ? 'ದುಡ್ಡು ಕೊಡೋದು ಕೊಡ್ತೀವಿ, ಇನ್ನೂ ದೊಡ್ಡ ನಂಬರ್ ಕೊಡ್ರೀ' ಅಂತ 20×50 ಹೊತ್ಕೊಂಡು ಬಂದ್ರಿ. ಕೈ ನಡುಕವೂ ಇಪ್ಪತ್ತು ಪಟ್ಟು ಕಾಣುತ್ತೆ ಅಂತ ಅಂಗಡಿಯವನು ಯಾಕೆ ಹೇಳ್ತಾನೆ ಹೇಳಿ!

ಆಮೇಲೆ ಬಟ್ಟೆ. ಹಸಿರು-ಕಂದು ಮಚ್ಚೆಯ ಪ್ಯಾಂಟು, ಅದೇ ಮಚ್ಚೆಯ ಟೋಪಿ, ಮೈತುಂಬ ಜೇಬಿರೋ ಜಾಕೆಟ್ಟು (ಒಂದು ಜೇಬಲ್ಲೂ ಪೆನ್ನಿಲ್ಲ). ಇಷ್ಟೆಲ್ಲ ವೇಷ ಕಟ್ಕೊಂಡು ನೀವು ಹೊರಟಿದ್ದು ಯಾವ ಕಾಡಿಗೆ? ಮೈಸೂರಿನ ಕುಕ್ಕರಹಳ್ಳಿ ಕೆರೆಗೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಈಗ ಅರ್ಧ ಊರಿನ ಶುಗರ್ ಲೆವೆಲ್ ಇಳಿಸೋ ಕೆರೆ.

ಅಲ್ಲಿ ಏನಾಗುತ್ತೆ ಅಂತ ನಾನು ದಿನಾ ನೋಡ್ತೀನಲ್ಲ. ಗುಲಾಬಿ ಚೂಡಿದಾರ್, ಬಿಳಿ ಸ್ಪೋರ್ಟ್ಸ್ ಶೂ ಹಾಕಿದ ಆಂಟಿಯರು ಸೊಸೆಯರ ವಿಷಯ ಜೋರಾಗಿ ಮಾತಾಡ್ತಾ ಬೀಸುಗಾಲಲ್ಲಿ ಹೋಗ್ತಿರ್ತಾರೆ. ಅವರಿಂದ ಹತ್ತಡಿ ದೂರದಲ್ಲಿ ಕೊಳಬಕವೊಂದು ಕತ್ತು ಒಳಗೆಳ್ಕೊಂಡು ಕೂತೇ ಇರುತ್ತೆ. ನೀವು ಮಚ್ಚೆ ಟೋಪಿ ಹಾಕ್ಕೊಂಡು ಮೊಣಕಾಲೂರಿ ತೆವಳ್ತಾ ಹೋದ ತಕ್ಷಣ 'ಕ್ವಾಕ್' ಅಂದು ಹಾರಿಬಿಡುತ್ತೆ.

ಹಾರಲಿ ಬಿಡಿ, ಅದೂ ಒಂದು ಚಂದ. ಕೂತಾಗ ಕೆಸರಿನ ಬಣ್ಣ, ಹಾರಿದರೆ ರೆಕ್ಕೆಯೆಲ್ಲ ಅಚ್ಚ ಬಿಳಿ. ಇಳಿದು ರೆಕ್ಕೆ ಮಡಚಿದ್ರೆ ಮತ್ತೆ ಮಾಯ. (ನಡೆದು ಹೋಗೋ ಮನುಷ್ಯರನ್ನ ಕೆರೆ ಹಕ್ಕಿಗಳು ದಿನಬೆಳಗಾದರೆ ನೋಡ್ತವೆ ಕಣ್ರೀ. ಹೊಂಚು ಹಾಕೋನನ್ನ ಕಂಡರೇ ಅವಕ್ಕೆ ಅನುಮಾನ.)

ಈಗ ಗುಂಪಿನ ವಿಷಯಕ್ಕೆ ಬನ್ನಿ. ಯಾವುದೇ ಹಕ್ಕಿ ನೋಡೋ ಗುಂಪಿಗೆ ಹೋಗಿ, ಅಲ್ಲೊಬ್ಬರು ಹಿರಿಯರು ಇದ್ದೇ ಇರ್ತಾರೆ. ನೀವು ಹೋಗಿ ನಿಂತಿದ್ದೇ ತಡ, 'ಅಯ್ಯೋ, ನಿನ್ನೆ ಬರಬೇಕಿತ್ತು ನೀವು!' ಅಂತಾರೆ. ನಿನ್ನೆ ಬಂದಿದ್ರೆ? ಮೊನ್ನೆ ಬರಬೇಕಿತ್ತು. ಅಪರೂಪದ ಹಕ್ಕಿಗಳೆಲ್ಲ ನೀವು ಹಾಸಿಗೆಯಲ್ಲಿರೋ ದಿನವೇ ಬರ್ತವೆ ಅನ್ನೋದನ್ನ ಈಗಲೇ ಒಪ್ಕೊಂಡುಬಿಡಿ, ಬಿಪಿ ಕಂಟ್ರೋಲಲ್ಲಿರುತ್ತೆ.

ಹೊಸಬರು ನೀವು, ಉತ್ಸಾಹ ಜಾಸ್ತಿ. 'ಶ್, ಕೇಳಿ, ಚಿಪ್ ಚಿಪ್ ಚಿಪ್ ಅಂತಿದೆ!' ಅಂತ ಗುಂಪನ್ನೆಲ್ಲ ನಿಲ್ಲಿಸ್ತೀರಿ. ಎಲ್ಲರೂ ಕತ್ತೆತ್ತಿ ಮಳೆಮರದ ಕೊಂಬೆ ಕೊಂಬೆ ಹುಡುಕ್ತಾರೆ. ಕೊನೆಗೆ ಬಾಲ ಕುಣಿಸ್ತಾ ಇಳಿದು ಬರೋದು ಅಳಿಲು. ನಗಬೇಡಿ, ಹಕ್ಕಿ ನೋಡೋ ಪ್ರತಿಯೊಬ್ಬರಿಗೂ ಮೊದಲ ಪಾಠ ಹೇಳೋ ಗುರುಗಳು ಅವರೇ. ಎರಡನೇ ಗುರು ಟುವ್ವಿ ಹಕ್ಕಿ. ಹೆಬ್ಬೆರಳಷ್ಟು ಮೈ, ಗಂಟಲು ಮಾತ್ರ ಎರಡು ಬೀದಿ ಆಚೆಗೂ ಕೇಳಬೇಕು. ಅಷ್ಟು ದೊಡ್ಡ ದನಿಗೆ ದೊಡ್ಡ ಹಕ್ಕಿಯನ್ನೇ ಹುಡುಕ್ತಾ ಕೂತ್ರಾ, ಮುಗೀತು ಕತೆ.

ಆಮೇಲೆ ನಿಮಗೊಂದು ಕಾಯಿಲೆ ಹತ್ತುತ್ತೆ. ಅದರ ಹೆಸರು ಲೈಫರ್. ಜೀವಮಾನದಲ್ಲಿ ಮೊದಲ ಸಲ ಕಂಡ ಹಕ್ಕಿ ಅಂತ ಅರ್ಥ. ಕಪ್ಪೆಬಾಯಿ ಹಕ್ಕಿಗೆ ಅಂತ ಕೇರಳದ ತಟ್ಟೇಕಾಡಿಗೆ ಹೋದ್ರಿ, ಮಂಗಟ್ಟೆಗೆ ಅಂತ ದಾಂಡೇಲಿಗೆ ಹೋದ್ರಿ, ಗಣೇಶಗುಡಿಯಲ್ಲಿ ನೀರಿನ ಬೋಗುಣಿ ಮುಂದೆ ಸ್ಟೂಲ್ ಹಾಕ್ಕೊಂಡು ಬೆಳಗಿಂದ ಸಂಜೆವರೆಗೆ ಕೂತ್ರಿ. ತಪ್ಪೇನಿಲ್ಲ. ಒಂದೇ ಪ್ರಶ್ನೆ: ಅಷ್ಟು ದೂರ ಹೋಗಿ ಆ ಹಕ್ಕಿಯನ್ನ ಎಷ್ಟು ಹೊತ್ತು ನೋಡಿದ್ರಿ? ಕ್ಲಿಕ್ ಮಾಡಿದ್ರಿ, ಕ್ಯಾಮೆರಾ ಹಿಂದಿನ ಪರದೆ ನೋಡಿದ್ರಿ, ಕಣ್ಣು ಶಾರ್ಪ್ ಬಂದಿದೆಯಾ ಅಂತ ಝೂಮ್ ಮಾಡಿದ್ರಿ. ತಲೆ ಎತ್ತೋ ಹೊತ್ತಿಗೆ ಕೊಂಬೆ ಖಾಲಿ.

ಇತ್ತ ನಿಮ್ಮ ಮನೆ ಎದುರಿನ ನುಗ್ಗೆ ಮರದಲ್ಲಿ ಸೆಪ್ಟೆಂಬರಿನಿಂದ ಒಂದು ಜೀವ ಎಲೆ ಎಲೆ ತಡಕಾಡ್ತಾ ಹುಳ ಆರಿಸ್ತಿದೆ. ಹಸಿರುಛಾಯೆಯ ಉಲಿಯಕ್ಕಿ. ಏಳೆಂಟು ಗ್ರಾಂ ತೂಕ, ಅಂದ್ರೆ ಒಂದು ರೂಪಾಯಿಯ ಎರಡು ನಾಣ್ಯದಷ್ಟು. ಹಿಮಾಲಯದಿಂದಲೋ ಅದರಾಚೆ ಮಧ್ಯ ಏಷ್ಯಾದಿಂದಲೋ ಹಾರಿ ಬಂದು ನಿಮ್ಮ ಬೀದಿಯಲ್ಲಿ ಚಳಿಗಾಲ ಕಳೆದು, ಏಪ್ರಿಲ್ ಹೊತ್ತಿಗೆ ವಾಪಸ್ ಹೊರಡುತ್ತೆ. ದಿನಾ 'ಚಿಸ್ವೀ' ಅಂತ ಕೂಗಿ ಹೇಳ್ತಲೇ ಇದೆ. ನೀವು ಗಣೇಶಗುಡಿಗೆ ರೂಮ್ ಬುಕ್ ಮಾಡ್ತಾ ಇದ್ರಿ.

ಸರಿ, ಈಗ ಅಸಲು ವಿಷಯ. ಹತ್ತಿರ ಬನ್ನಿ, ಬೇರೆಯವರಿಗೆ ಕೇಳಿಸೋದು ಬೇಡ. ನೀವು ಇ-ಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಹಾಕ್ತೀರಲ್ಲ, ಕೊನೆಗೆ ಅದೊಂದು ಪ್ರಶ್ನೆ ಕೇಳುತ್ತೆ: ಗುರುತು ಹಿಡಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ನೀವು ಧೈರ್ಯವಾಗಿ 'ಹೌದು' ಒತ್ತಿ ಸಬ್ಮಿಟ್ ಮಾಡ್ತೀರಿ. ಸತ್ಯ ಹೇಳಿ, ಕಾಗೆ ಬರೆದ್ರಾ?

ಬರೆದಿಲ್ಲ. ನನಗೆ ಗೊತ್ತು. ಕಾಗೆ ಬರೆದಿಲ್ಲ, ಪಾರಿವಾಳ ಬರೆದಿಲ್ಲ, ಗೊರವಂಕ ಬರೆದಿಲ್ಲ. ತಲೆ ಮೇಲೆ ಮೂರು ಸುತ್ತು ಹೊಡೆದ ಹದ್ದನ್ನೂ ಬರೆದಿಲ್ಲ. 'ಅದೇನು ಮಹಾ, ಎಲ್ಲ ಕಡೆ ಇರುತ್ತಲ್ಲ' ಅಂತೀರಿ. ಬೆಳಗ್ಗೆ ಒಂದೂವರೆ ಗಂಟೆ ಕೆರೆ ಸುತ್ತಿ ನಿಮ್ಮ ಪಟ್ಟಿಯಲ್ಲಿ ಆರೇ ಹಕ್ಕಿ, ಆರೂ ರೂಪವಂತರೇ! ಎಷ್ಟಿದ್ವು ಅನ್ನೋ ಕಾಲಮ್ಮಿಗೆ ಸಂಖ್ಯೆ ಬದಲು ಒಂದು ಎಕ್ಸ್ ಒತ್ತಿ ಬಿಟ್ಟಿದ್ದೀರಿ. ಎಣಿಸೋಕೆ ಸೋಮಾರಿತನ, ಹೇಳೋಕೆ 'ಪ್ರಕೃತಿಪ್ರೇಮಿ'.

ಕಾಗೆ ಬರೆದ್ರೆ ಏನು ಬರುತ್ತೆ ಅಂತೀರಾ? ಲೆಕ್ಕ ಬರುತ್ತೆ. ನೂರು ಜನ ನೂರು ಬೆಳಗ್ಗೆ ಕಂಡದ್ದನ್ನೆಲ್ಲ ಬರೆದ್ರು ಅಂತಿಟ್ಕೊಳ್ಳಿ. ಅದರಲ್ಲಿ ಎಷ್ಟು ಪಟ್ಟಿಯಲ್ಲಿ ನೀಲಕಂಠ ಇದೆ ಅಂತ ನೋಡಬಹುದು. ಐದು ವರ್ಷ ಬಿಟ್ಟು ಮತ್ತೆ ಅದೇ ಲೆಕ್ಕ ಹಾಕಬಹುದು. ಹಕ್ಕಿ ಪಟ್ಟಿಯಲ್ಲಿ ಇಲ್ಲ ಅಂದ್ರೆ ನಿಜವಾಗಲೂ ಕಾಣಲಿಲ್ಲ ಅಂತ ನಂಬೋಕಾಗೋದು ನೀವು ಎಲ್ಲವನ್ನೂ ಬರೆದಿದ್ರೆ ಮಾತ್ರ. ಚಂದದ್ದನ್ನಷ್ಟೇ ಆರಿಸಿ ಬರೆದರೆ, ಆ ಪಟ್ಟಿಯಿಂದ ಗೊತ್ತಾಗೋದು ನಿಮ್ಮ ಟೇಸ್ಟು ಮಾತ್ರ.

ನೀಲಕಂಠದ ಹೆಸರು ಸುಮ್ಮನೆ ಎತ್ತಲಿಲ್ಲ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ಬಗ್ಗೆ ಒಂದು ದೊಡ್ಡ ವರದಿ ಬಂತು. ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿ ನೋಡೋರು ಬರೆದಿಟ್ಟ ಸುಮಾರು ಮೂರು ಕೋಟಿ ದಾಖಲೆ, 942 ಜಾತಿಯ ಹಕ್ಕಿಗಳ ಲೆಕ್ಕಾಚಾರ. ಅದರಲ್ಲಿ ಇಳಿತಾ ಇರೋ ಹಕ್ಕಿಗಳ ಸಾಲಲ್ಲಿ ನೀಲಕಂಠ ಇದೆ! ಅದರ ಜಾಗತಿಕ ಸ್ಥಾನಮಾನವನ್ನ ಮತ್ತೊಮ್ಮೆ ಪರಿಶೀಲಿಸಬೇಕು ಅಂತ ವರದಿ ಕೇಳಿದೆ. ಹೊಲದ ಕರೆಂಟ್ ತಂತಿ ಮೇಲೆ ಕೂತಿರುತ್ತಲ್ಲ, ಅದೇ. ನಮ್ಮ ರಾಜ್ಯಪಕ್ಷಿ. ಕೊನೇ ಸಲ ಯಾವಾಗ ನೋಡಿದ್ರಿ? ನೋಡಿ, ಉತ್ತರ ಬರ್ತಿಲ್ಲ. ಬರೆದಿಟ್ಟಿದ್ರೆ ಹೇಳ್ತಿದ್ರಿ.

(ನೀವು ಪ್ರತಿ ಮಾರ್ಚ್ 20ಕ್ಕೆ ಸ್ಟೇಟಸ್‌ನಲ್ಲಿ 'ಗುಬ್ಬಿ ಎಲ್ಲಿ ಹೋದೆ' ಅಂತ ಅಳ್ತೀರಲ್ಲ, ಆ ಗುಬ್ಬಿ ದೊಡ್ಡ ನಗರಗಳಲ್ಲಿ ಕಮ್ಮಿಯಾಗಿದೆ ಹೌದು, ಒಟ್ಟು ದೇಶದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಹಾಗೇ ಇದೆ. ನಂಜನಗೂಡಿನ ಕಡೆ ಯಾವುದಾದರೂ ಹಳ್ಳಿಯ ದಿನಸಿ ಅಂಗಡಿ ಮುಂದೆ ಒಂದು ಗಂಟೆ ನಿಲ್ಲಿ, ಅಳು ನಿಲ್ಲುತ್ತೆ. ಅಳೋದೇ ಆದ್ರೆ ನೀಲಕಂಠಕ್ಕೆ ಒಂದು ಸ್ಟೇಟಸ್ ಹಾಕಿ.)

ಇದೇ ಮೈಸೂರಲ್ಲಿ 2014ರಿಂದ 2016ರವರೆಗೆ ಊರಿನ ಹಕ್ಕಿಗಳ ಅಟ್ಲಾಸ್ ಮಾಡಿದ್ರು. ಊರನ್ನ ಚೌಕ ಚೌಕವಾಗಿ ಕೊಯ್ದು, ಚೌಕಕ್ಕಿಷ್ಟು ಹೊತ್ತು ಅಂತ ಸ್ವಯಂಸೇವಕರು ಹೋಗಿ ಎಣಿಸಿದ್ರು. ಅದರಲ್ಲಿರೋ ತಮಾಷೆ ಗೊತ್ತಾ? ಚೌಕ ಬಿದ್ದಲ್ಲಿಗೆ ಹೋಗಬೇಕು. ಕೆರೆ ದಂಡೆ ಸಿಕ್ಕರೆ ಪುಣ್ಯ, ಗ್ಯಾರೇಜು ಸಾಲು ಸಿಕ್ಕರೆ ಅದೂ ಪುಣ್ಯ. ಬೆಳಗ್ಗೆ ಆರೂವರೆಗೆ ಯಾರದೋ ಮನೆ ಕಾಂಪೌಂಡ್ ಕಡೆ ಬೈನಾಕ್ಯುಲರ್ ತಿರುಗಿಸಿ ನಿಂತ್ರೆ ಆ ಮನೆಯವರು ಕೇಳೋ ಮೊದಲ ಪ್ರಶ್ನೆ ಹಕ್ಕಿ ಬಗ್ಗೆ ಇರಲ್ಲ ಅನ್ನೋದು ನಿಮಗೇ ಗೊತ್ತು.

ಇಷ್ಟರಲ್ಲಿ ನಿಮಗೆ ಸೇವೆ ಮಾಡೋ ಹುಮ್ಮಸ್ಸು ಬಂದಿರುತ್ತೆ. 'ನಾನೂ ವಾಲಂಟಿಯರ್ ಆಗ್ತೀನಿ ಸಾರ್!' ಅಂತೀರಿ. ನಿಮ್ಮ ಕಣ್ಣ ಮುಂದೆ ಬರೋದು ರಂಗನತಿಟ್ಟು: ಕೈಯಲ್ಲಿ ವಾಕಿಟಾಕಿ, ಬೆನ್ನ ಹಿಂದೆ ಕಾವೇರಿ, ಪಕ್ಕದಲ್ಲಿ ಫೋಟೊಗ್ರಾಫರ್. ಒಳ್ಳೇ ಜಾಗವೇ. ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದವರು ಮಹಾರಾಜರಿಗೆ ಹೇಳಿ 1940ರಲ್ಲಿ ಧಾಮ ಮಾಡಿಸಿದ್ದು. 2022ರಲ್ಲಿ ಮುಖ್ಯ ಜೌಗುನೆಲಗಳ ರಾಮ್‌ಸರ್ ಪಟ್ಟಿಗೂ ಸೇರ್ತು, ಕರ್ನಾಟಕದಿಂದ ಅದೇ ಮೊದಲನೆಯದು.

ಆದ್ರೆ ಬ್ಯಾಡ್ಜ್ ಹಾಕ್ಕೊಂಡು ಅಲ್ಲಿ ಭಾನುವಾರ ನಿಂತಿದ್ದೀರಿ ಅಂತಿಟ್ಕೊಳ್ಳಿ. ನಿಮಗೆ ಬರೋ ಪ್ರಶ್ನೆ ಇವು: ಟಾಯ್ಲೆಟ್ ಎಲ್ಲಿ? ಬೋಟಿಗೆ ಎಷ್ಟು? ಚಿಪ್ಸ್ ಒಳಗೆ ಬಿಡ್ತಾರಾ? ಆಮೇಲೆ ಬಂಡೆ ಮೇಲೆ ಬಾಯಿ ತೆರ್ಕೊಂಡು ಮಲಗಿದ ಮೊಸಳೆ ಕಡೆ ಕೈ ತೋರಿಸಿ, 'ಅದು ನಿಜದ್ದಾ, ಬೊಂಬೆನಾ?' ಬಿಸಿಲಲ್ಲಿ ಮೈ ಕಾದಾಗ ಅದು ಹಾಗೇ ಬಾಯಿ ಬಿಟ್ಕೊಂಡು ತಂಪು ಮಾಡ್ಕೊಳ್ಳುತ್ತೆ ಅಂತ ನೀವು ವಿವರಿಸೋ ಹೊತ್ತಿಗೆ ಅವರ ಮಗ ಕಲ್ಲು ಹುಡುಕ್ತಿರ್ತಾನೆ. ನಿಮ್ಮ ಅಸಲಿ ಕೆಲಸ ಆ ಕಲ್ಲು ಕೈಯಲ್ಲೇ ಉಳಿಯೋ ಹಾಗೆ ನೋಡ್ಕೊಳ್ಳೋದು.

ಇನ್ನೊಬ್ಬರು ಬರ್ತಾರೆ. 'ಪಾಪ, ಆ ಕೊಕ್ಕರೆ ಕೊಕ್ಕು ಮುರಿದಿದೆ ನೋಡ್ರೀ, ಡಾಕ್ಟ್ರಿಗೆ ತೋರಿಸಲ್ವಾ?' ಅದು ಬಾಯ್ಕಳಕ. ಕೊಕ್ಕಿನ ಎರಡೂ ಭಾಗ ನಡುವಲ್ಲಿ ಕೂಡದೆ ಸಂದಿ ಬಿಟ್ಕೊಂಡಿರೋದೇ ಅದರ ಸಹಜ ರೂಪ. ಕೊಕ್ಕಿನ ತುದಿಯಿಂದ ಬಸವನಹುಳುವನ್ನ ಚಿಪ್ಪಿನಿಂದ ಬಿಡಿಸಿ ತಿನ್ನುತ್ತೆ. ಇದನ್ನ ಹದಿನೈದನೇ ಸಲವೂ ಮೊದಲನೇ ಸಲದ ಮುಖ ಇಟ್ಕೊಂಡು ಹೇಳೋದು ಬರುತ್ತಾ ನಿಮಗೆ? ಹಾಗಾದ್ರೆ ನೀವು ಪಾಸ್. (ಕಲೀಬೇಕು ಅಂದ್ರೆ ದೋಣಿ ನಡೆಸೋರನ್ನ ನೋಡಿ. ಹುಟ್ಟು ಹಾಕ್ತಾ, ತಲೆ ತಿರುಗಿಸದೆ, 'ಹಿಂದೆ ಎಡಗಡೆ ಸ್ಪೂನ್‌ಬಿಲ್' ಅಂತಾರೆ. ಇರುತ್ತೆ.)

ಜನರ ಸಹವಾಸ ಬೇಡ, ಹಕ್ಕಿಯ ಸೇವೆಯನ್ನೇ ಮಾಡ್ತೀನಿ ಅಂದ್ರಾ? ಹಾಗಾದ್ರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಬೆಂಗಳೂರು-ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಿದ್ರೆ ಹನ್ನೆರಡು ಕಿಲೋಮೀಟರ್. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎರಡೂ ಊರ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ತವೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತಾರೆ ಅಲ್ಲಿನೋರು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇದನ್ನ ಹೊರಗಿನ ಲೋಕದ ಕಣ್ಣಿಗೆ ಬೀಳಿಸಿದ್ರು. ಊರಿನವರಿಗೆ ಮೊದಲಿಂದ ಗೊತ್ತೇ ಇತ್ತು, ತಲೆ ಮೇಲೆ ಬೀಳ್ತಿತ್ತಲ್ಲ!

ಬೀಳೋದು ಅಂದ್ರೆ ಹಿಕ್ಕೆ ಮಾತ್ರ ಅಂದ್ಕೋಬೇಡಿ, ಮರಿಗಳೂ ಬೀಳ್ತವೆ. ಗೂಡಲ್ಲಿ ಜಗಳ ಆಗಿಯೋ ಗಾಳಿಗೋ ಕೆಳಗೆ ಬಿದ್ದ ಹೆಜ್ಜಾರ್ಲೆ ಮರಿಯನ್ನ ತಾಯಿ ಮತ್ತೆ ಮೇಲೆತ್ತಲ್ಲ. ಊರ ಹುಡುಗರೇ ಸೇರಿ ಹೆಜ್ಜಾರ್ಲೆ ಬಳಗ ಅಂತ 1990ರ ದಶಕದಲ್ಲಿ ಕಟ್ಕೊಂಡು, ಮೈಸೂರಿನ ನಿಸರ್ಗಾಸಕ್ತರ ಜತೆ ಸೇರಿ, ಅಂಥ ಮರಿಗಳನ್ನ ಬೇಲಿಯೊಳಗೆ ಇಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡೋ ಕೆಲಸ ಶುರು ಮಾಡಿದ್ರು. 2007ರಲ್ಲಿ ಸರ್ಕಾರ ಊರನ್ನ ಸಮುದಾಯ ಮೀಸಲು ಅಂತ ಘೋಷಿಸ್ತು.

ನೀವು ಅಲ್ಲಿಗೆ ಹೋಗ್ತೀರಿ, ಬೆಳ್ಳಗಿರೋ ಟೀ ಶರ್ಟ್ ಹಾಕ್ಕೊಂಡು. ಮರಿ ಜತೆ ಒಂದು ಫೋಟೊ ಆಗಲೇಬೇಕು. ಹೆಜ್ಜಾರ್ಲೆ ಮರಿಯ ವಿಷಯದಲ್ಲಿ ಒಂದು ಕಿವಿಮಾತು: ಗಾಬರಿಯಾದ್ರೆ ಅದು ಹೊಟ್ಟೆಯಲ್ಲಿರೋದನ್ನ ಹೊರಗೆ ಹಾಕುತ್ತೆ. ಹೊಟ್ಟೆಯಲ್ಲಿರೋದು ಬೆಳಗಿನ ಮೀನು. ಅರ್ಧ ಅರಗಿದ ಮೀನಿನ ವಾಸನೆ ಎಂಥದ್ದು, ಆ ಶರ್ಟ್ ಎಷ್ಟು ಸಲ ಒಗೆದ್ರೆ ಹೋಗುತ್ತೆ ಅಂತ ನಾನು ಇಲ್ಲಿ ಬರೆಯಲ್ಲ, ನೀವು ತಿಂಡಿ ತಿಂತಾ ಓದ್ತಿರಬಹುದು. ಆ ಊರಿನ ಹುಡುಗರು ಮಾತ್ರ ಮರಿಯನ್ನ ಎತ್ಕೊಂಡು ಫೋಟೊಗೆ ನಿಲ್ಲಲ್ಲ. ಮೀನು ಹಾಕ್ತಾರೆ, ಹಿಂದಕ್ಕೆ ಸರೀತಾರೆ.

ಉಳಿದ ಸೇವೆಗಳೂ ಇಂಥವೇ. ಲಂಟಾನ ಕೀಳೋದು, ಕಾಂಗ್ರೆಸ್ ಗಿಡ ಹೂ ಬಿಡೋ ಮೊದಲೇ ಕೀಳೋದು (ಕೈಗವಸು ಹಾಕ್ಕೊಳ್ಳಿ, ಇಲ್ಲಾಂದ್ರೆ ವಾರವೆಲ್ಲ ಕೆರೀತಾ ಕೂರ್ತೀರಿ), ಕೆರೆ ದಂಡೆಯ ಜೊಂಡಿಗೆ ಸಿಕ್ಕಿಹಾಕ್ಕೊಂಡ ನೈಲಾನ್ ಬಲೆ, ಗಾಳಿಪಟದ ಮಾಂಜಾ ದಾರ ಬಿಡಿಸೋದು. ಅಂತರಗಂಗೆ ಎಳೆಯೋಕೆ ಹೋದ್ರಂತೂ ಅರ್ಧ ಗಂಟೆಗೆ ಸೊಂಟ ನೆನಪಾಗುತ್ತೆ. ಇಲ್ಲಿ ಯಾರೂ ನಿಮ್ಮ ಫೋಟೊ ತೆಗೆಯಲ್ಲ. ತೆಗೆದ್ರೂ ಬೆನ್ನು ಮಾತ್ರ ಬರುತ್ತೆ.

ಇಷ್ಟು ಕೇಳಿಯೂ ಎದ್ದು ಹೋಗದೆ ಇನ್ನೂ ಕೂತಿದ್ದೀರಿ ಅಂದ್ರೆ ನಿಮ್ಮ ಮೇಲೆ ನನಗೆ ಆಸೆ ಹುಟ್ಟಿದೆ. ಬನ್ನಿ, ನಿಮಗೆ ಹೊಂದೋ ಕೆಲಸ ಒಂದಿದೆ. ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಎಣಿಕೆ ನಡೆಯುತ್ತೆ, 1987ರಿಂದ. ಮೈಸೂರು, ಮಂಡ್ಯ, ಚಾಮರಾಜನಗರದ ಕೆರೆಗಳಿಗೂ ತಂಡಗಳು ಹೊರಡ್ತವೆ. ನಂಜನಗೂಡಿನ ಹತ್ತಿರದ ಹದಿನಾರು ಅನ್ನೋ ಊರಿನ ಕೆರೆ ನಿಮ್ಮ ಪಾಲಿಗೆ ಬಂದ್ರೆ ನಿಮ್ಮ ಅದೃಷ್ಟ. ಅಲ್ಲಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರ್ತವೆ, ಕತ್ತಿಗೆ ಮಂಗೋಲಿಯಾದಲ್ಲಿ ತೊಡಿಸಿದ ನಂಬರ್ ಪಟ್ಟಿ ಇದ್ದವೂ ಅಲ್ಲಿ ಸಿಕ್ಕಿವೆ. ಹಿಮಾಲಯ ದಾಟಿ ಬಂದು, ನಮ್ಮೂರಿನ ಹುರುಳಿ ಹೊಲದ ಪಕ್ಕ ಆರಾಮಾಗಿ ಮೇಯ್ತಿರ್ತವೆ.

ಆ ಕೆರೆ ನಿಮ್ಮ ಪಾಲಿಗೆ ಬರದೇ ಇರೋ ಸಾಧ್ಯತೆಯೇ ಜಾಸ್ತಿ ಅನ್ನಿ. ನಿಮಗೆ ಸಿಗೋದು ನಾಮದ ಕೋಳಿ. ನೀರಿನ ಮೇಲೆ ಕಪ್ಪಗೆ, ಹಣೆಗೆ ಬಿಳಿ ನಾಮ ಇಟ್ಕೊಂಡು, ನೂರಾರು. ಒಂದು ಮುಳುಗುತ್ತೆ, ಎರಡು ಏಳ್ತವೆ, ನೀವು ಎಪ್ಪತ್ತಕ್ಕೆ ಬಂದಾಗ ಗರುಡವೊಂದು ಮೇಲೆ ಹಾಯ್ದು ಇಡೀ ಗುಂಪು ಜಾಗ ಬದಲಾಯಿಸುತ್ತೆ. ಅದಕ್ಕೊಂದು ಉಪಾಯವಿದೆ. ಮೊದಲು ಹತ್ತನ್ನ ಸರಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಲ್ಲಿ ಅಳೆದು, ಅಂಥವು ಎಷ್ಟು ತುಂಡು ಅಂತ ಎಣಿಸ್ತಾ ಹೋಗಿ. ನೂರಕ್ಕೆ ನೂರು ಸರಿ ಬರಲ್ಲ. ಆದರೂ ಎಕ್ಸ್‌ಗಿಂತ ವಾಸಿ.

ತಂಡದಲ್ಲಿ ಒಬ್ಬರು ಸ್ಕೋಪಿನಲ್ಲಿ ನೋಡಿ ಕೂಗ್ತಾರೆ, ಒಬ್ಬರು ಬರೀತಾರೆ. ನಿಮಗೆ ಬರೆಯೋ ಕೆಲಸ ಕೊಟ್ಟರೆ ಮುಖ ಊದಿಸ್ಕೋಬೇಡಿ. ಎಲ್ಲರೂ ನೋಡಿ ಯಾರೂ ಬರೀದೇ ಇದ್ರೆ ಅದಕ್ಕೆ ಪಿಕ್ನಿಕ್ ಅಂತಾರೆ. ಹಾಗೇ, ಕೆರೆ ಒಣಗಿ ಒಂದೂ ಹಕ್ಕಿ ಇಲ್ಲ ಅನ್ನಿ, 'ಪೆಟ್ರೋಲ್ ದಂಡ' ಅಂತ ಗೊಣಗ್ತಾ ಹಾಳೆ ಮಡಚಿ ಜೇಬಿಗೆ ಹಾಕ್ಕೋಬೇಡಿ. ಸೊನ್ನೆ ಅಂತ ಬರೀಬೇಕು. ಹೋದ ವರ್ಷ ಸಾವಿರ ವರಟೆ ಇದ್ದ ಕೆರೆಯಲ್ಲಿ ಈ ವರ್ಷ ಸೊನ್ನೆ ಅನ್ನೋದಕ್ಕಿಂತ ದೊಡ್ಡ ಸುದ್ದಿ ಬೇಕಾ?

ಜನವರಿವರೆಗೆ ಕಾಯೋಕಾಗಲ್ವಾ? ನಾಳೆ ಬೆಳಗ್ಗೆ ನಿಮ್ಮ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡ್ಕೊಂಡು ಹದಿನೈದು ನಿಮಿಷ ನಿಲ್ಲಿ. ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದ ಎಲ್ಲೆಡೆ ಹಿತ್ತಲ ಹಕ್ಕಿ ಎಣಿಸೋ ಹಬ್ಬ ಮಾಡ್ತಾರಲ್ಲ, ಅದರಲ್ಲೂ ಕೇಳೋದು ಅಷ್ಟೇ ಹೊತ್ತು. ಪಿಕಳಾರ ಎರಡು, ಸೂರಕ್ಕಿ ಒಂದು, ಕಾಗೆ ಏಳು. ಬರೀರಿ.

ಜನವರಿಗೆ ಬರೋದಾದ್ರೆ ಮೊದಲೇ ಹೇಳಿಬಿಡ್ತೀನಿ. ಆರು ಗಂಟೆ ಅಂದ್ರೆ ಆರು ಗಂಟೆ, 'ದಾರಿಯಲ್ಲಿದ್ದೀನಿ ಸಾರ್' ನಡೆಯಲ್ಲ. ಟೋಪಿ, ನೀರು, ಎರಡು ಪೆನ್ನು (ಒಂದು ಖಂಡಿತ ಕೆರೆಗೆ ಬೀಳುತ್ತೆ) ನಿಮ್ಮದೇ ತರಬೇಕು. ಫೋನ್ ಸೈಲೆಂಟ್. ಮಸಾಲೆದೋಸೆ ಎಣಿಕೆ ಮುಗಿದ ಮೇಲೆ, ದುಡ್ಡು ಅವರವರದ್ದೇ.